ಅವನತ್ರ ಹೇಳು

ಮಾತುಕತೆಯ ಮಹತ್ವದ ಬಗ್ಗೆ ನನ್ನ ಭಾವನಷ್ಟು ಚಂದ ಮಾತಾಡುವವರು ಇಡೀ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ತಮ್ಮನೊಡನೆ ಮಾತಾಡುವುದೊಂದು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ! ಆ ತಮ್ಮ ಬೇರೆ ಯಾರೂ ಅಲ್ಲ, ನನ್ನ ಗಂಡ.

ನಾವು ಮೂವರೂ ವಿದ್ಯಾನಗರದ ಒಂದು ಸಣ್ಣ ಐಟಿ ಕಂಪನಿಯಲ್ಲಿದ್ದೆವು. ಆಸ್ಪತ್ರೆ, ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಮೇಲಿನ ಮಹಡಿಯಲ್ಲಿ ಸಾಫ್ಟ್‌ವೇರ್ ಬರೆಯುವವರು. ಅವರಿಗೆ ಭಾವ ಮುಖ್ಯಸ್ಥರು. ಕೆಳಗೆ ಗಿರಾಕಿಗಳ ಫೋನೆತ್ತಿ ಬೈಗುಳ ತಿನ್ನುವವರು. ಅವರಿಗೆ ನನ್ನ ಗಂಡ. ಮೇಲಿನವರು ಬರೆದದ್ದನ್ನು ಪರೀಕ್ಷಿಸುವ ನನಗೆ ಮೆಟ್ಟಿಲು ತಿರುಗುವಲ್ಲಿ ಒಂದು ಮೇಜು. ಬೇರೆಲ್ಲೂ ಜಾಗವಿಲ್ಲವೆಂದು ಅಲ್ಲಿ ಹಾಕಿದ್ದಂತೆ. ನನ್ನ ಹಣೆಬರಹ ನೋಡಿ!

ಕುಂಬ್ಡಾಜೆಯ ಒಂದೇ ಮನೆಯಿಂದ ಒಂದೇ ಬಸ್ಸಿಗೆ ಹೊರಡುವವರು ನಾವು. ಭಾವ ಮುಂದಿನ ಸೀಟು, ಗಂಡ ಹಿಂದಿನ ಬಾಗಿಲ ಹತ್ತಿರ, ನಾನು ನಡುವೆ. ಭಾವ ಕತ್ತು ತಿರುಗಿಸದೆ ಹೇಳುವರು, "ಕೊಡೆ ತಂದಿದ್ದಾನಾ ಕೇಳು." ಹಿಂದಿನಿಂದ ಉತ್ತರ ಬರುವುದು, "ತಂದಿದ್ದೇನೆ ಅಂತ ಅವನತ್ರ ಹೇಳು." ಒಂದು ದಿನ ಕಂಡಕ್ಟರೇ ನಕ್ಕುಬಿಟ್ಟ. "ಅಕ್ಕಾ, ನಿಮಗೆ ಎಂತದ್ದು ಟಿಕೆಟ್? ನೀವೂ ನನ್ನ ಹಾಗೆ ಡ್ಯೂಟಿಯಲ್ಲಿರುವುದಲ್ವಾ?" ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಟಿಕೆಟಿನ ದುಡ್ಡನ್ನು ಅವನ ಕೈಗೆ ತುರುಕಿದೆ.

ಇಷ್ಟಕ್ಕೂ ಜಗಳ ಯಾವುದರದ್ದು ಅಂತೀರಿ? ಮಾವನವರು ತೀರಿಹೋದ ಮೇಲಿನ ಉತ್ತರಕ್ರಿಯೆಯದ್ದು, ಬೊಜ್ಜದ ದಿನದ್ದು. ಹಿರಿಯ ಮಗ ಅಪ್ಪನ ಎಲೆಗೆ ಬಡಿಸಬೇಕು; ಭಾವ ನಾಪತ್ತೆ! ಒಂದು ಆಸ್ಪತ್ರೆಯ ಬಿಲ್ಲು ನಿಂತುಹೋಗಿದೆಯೆಂದು ಬೆಳಿಗ್ಗೆಯೇ ಆಫೀಸಿಗೆ ಓಡಿದ್ದರು. ನೆಂಟರೆಲ್ಲ ಕಾದು ಕಾದು ಕಡೆಗೆ ನನ್ನ ಗಂಡ ಬಡಿಸಿದರು. ಭಾವ ಬೆವರುತ್ತಾ ಬಂದಾಗ ಇವರು ಅಂಗಳದಲ್ಲೇ ಅಂದರು, "ನಿನಗೆ ಅಪ್ಪನಿಗಿಂತ ಸಾಫ್ಟ್‌ವೇರ್ ದೊಡ್ಡದಾಯ್ತಲ್ಲ!" ತಪ್ಪಾಯ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಎಂತ ಹೇಳಿದರು ಗೊತ್ತುಂಟಾ? "ಕೆಳಗಿನ ಡಿಪಾರ್ಟ್‌ಮೆಂಟಿನವರು ತೊಂದರೆ ಎಂತ ಅಂತ ಸರಿಯಾಗಿ ಹೇಳಿದ್ದರೆ ಅದು ಅರ್ಧ ಗಂಟೆಯ ಕೆಲಸ." ಅಪ್ಪನ ಬೊಜ್ಜದಲ್ಲಿ ಡಿಪಾರ್ಟ್‌ಮೆಂಟು! ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್.

ಆಮೇಲೆ ಕಂಪನಿಯ ಯಜಮಾನರಿಗೆ ಜ್ಞಾನೋದಯವಾಯಿತು: ವಿಭಾಗಗಳ ನಡುವೆ ಸಂವಹನ ಸುಧಾರಿಸಬೇಕು. ಆ ಹೊಣೆ ಯಾರಿಗೆ? ಭಾವನಿಗೆ! ಯಾಕೆಂದರೆ ಕೆಳಗಿನವರೊಡನೆ ಅವರು ಜಗಳವಾಡಿದ್ದನ್ನು ಯಾರೂ ನೋಡಿರಲಿಲ್ಲವಂತೆ. ಮಾತೇ ಇಲ್ಲದಲ್ಲಿ ಜಗಳ ಎಲ್ಲಿಂದ ಬರಬೇಕು ಮಾರಾಯ್ರೇ?

ಭಾವ ಭಾಷಣ ಮಾಡಿದರು. "ವಿಭಾಗಗಳ ನಡುವೆ ಗೋಡೆ ಇರಬಾರದು. ಒಂದು ವಾರ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ!" ಚಪ್ಪಾಳೆಯೋ ಚಪ್ಪಾಳೆ. ಕೆಳಗೆ ಹೋದ ಮೇಲಿನವನೊಬ್ಬ ಮೊದಲ ಫೋನೆತ್ತಿ, "ನಮ್ಮ ಸಾಫ್ಟ್‌ವೇರಿನಲ್ಲಿ ಹಾಗೆ ಆಗುವ ಕ್ರಮವೇ ಇಲ್ಲ" ಎಂದು ಫೋನಿಟ್ಟ. ಮುಖ್ಯಸ್ಥರೂ ಕುರ್ಚಿ ಬದಲಿಸಬೇಕಲ್ಲ? ಗಂಡ ಕಿಟಕಿ ನೋಡಿಕೊಂಡು ಮೆಟ್ಟಿಲು ಹತ್ತಿದರು. ಗೋಡೆ ಇರಬಾರದೆಂದ ಭಾವ ಗೋಡೆಯನ್ನೇ ನೋಡಿಕೊಂಡು ಇಳಿದರು. ನಡುವೆ ನನ್ನ ಮೇಜು. "ನನ್ನ ಆ ಕುರ್ಚಿಯ ಕಾಲು ಸ್ವಲ್ಪ ಅಲ್ಲಾಡ್ತದೆ, ಜಾಗ್ರತೆಯಲ್ಲಿ ಕೂತುಕೊಳ್ಳಲಿಕ್ಕೆ ಹೇಳು" ಎಂದರು ಭಾವ. ಕಾಳಜಿಗೆ ಕೊರತೆಯಿಲ್ಲ, ನೋಡಿ! ಅದನ್ನು ಹೊರುವ ಕತ್ತೆ ಮಾತ್ರ ನಾನು.

ಕಡೆಗೆ ಕತ್ತೆಗೆ ಜ್ವರ ಬಂತು. ನಾನು ರಜೆ ಹಾಕಿ ಮಲಗಿದ ದಿನವೇ ಭಾವ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಸ ಬಿಲ್ಲಿನ ಸಾಫ್ಟ್‌ವೇರ್ ಹಾಕಿಸಿದರು. ಇವತ್ತು ಹಾಕಬೇಡಿ, ಇಲ್ಲಿ ವಿಪರೀತ ಜನ ಎಂದು ಆಸ್ಪತ್ರೆಯವರು ನನ್ನ ಗಂಡನಿಗೆ ಬೆಳಿಗ್ಗೆಯೇ ತಿಳಿಸಿದ್ದರು. ಅದನ್ನು ಮೇಲೆ ಹೇಳಲು ಮೆಟ್ಟಿಲಲ್ಲಿ ನಾನಿರಲಿಲ್ಲ. ಬಿಲ್ಲು ನಿಂತಿತು, ರೋಗಿಗಳು ಸಾಲಿನಲ್ಲಿ ನಿಂತರು, ಆಸ್ಪತ್ರೆ ನಮ್ಮನ್ನು ಬಿಟ್ಟೇಬಿಟ್ಟಿತು. ಇಬ್ಬರು ಗಂಡಸರ ಹಟಕ್ಕೆ ಇಷ್ಟು ಜನ ಕಷ್ಟಪಟ್ಟರಲ್ಲ ಎಂದು ನನಗೆ ನಾಚಿಕೆಯಾಯಿತು.

ಯಜಮಾನರು ಇನ್ನು ಸಾಫ್ಟ್‌ವೇರನ್ನು ಹೊರಗಿನಿಂದ ಕೊಳ್ಳುವುದು, ಮೇಲಿನ ವಿಭಾಗವನ್ನೇ ಮುಚ್ಚುವುದು ಎಂದು ತೀರ್ಮಾನಿಸಿ ನನ್ನ ಗಂಡನನ್ನು ಕರೆದರು. "ಅಣ್ಣನಿಗೆ ನೀವೇ ಹೇಳಿಬಿಡಿ. ಮನೆಯವರು ಹೇಳಿದರೆ ಅಷ್ಟು ಬೇಸರ ಆಗುವುದಿಲ್ಲ." ಸಂವಹನ ಸುಧಾರಿಸಲು ಹೊರಟ ಮಹಾನುಭಾವರು!

ಗಂಡ ಸೀದಾ ನನ್ನ ಮೇಜಿಗೆ ಬಂದರು. "ನಾಳೆಯಿಂದ ಬರುವುದು ಬೇಡ ಅಂತ ಅವನತ್ರ ಹೇಳು."

"ಹೇಳುವುದಿಲ್ಲ" ಎಂದೆ. "ಕೊಡೆ, ಕುರ್ಚಿ ಎಲ್ಲ ಹೇಳಿದ್ದೇನೆ. ಇದನ್ನು ಮಾತ್ರ ನಾನು ಸತ್ತರೂ ಹೇಳುವುದಿಲ್ಲ. ನಿಮ್ಮ ಅಣ್ಣ, ನೀವೇ ಹೇಳಿ."

ಆಗ ಆಟಿ, ಆಷಾಢದ ಮಳೆಯ ತಿಂಗಳು. ಮನೆಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದು ಅದೇ ಸಂಜೆ. ಬಡಿಸುವ ಹಿರಿಯ ಮಗ, "ಬಡಿಸಲಾ?" ಎಂದು ಉಳಿದವರನ್ನು ಕೇಳಬೇಕು, ಅವರು "ಬಡಿಸು" ಎನ್ನಬೇಕು, ನಮ್ಮ ಮನೆಯ ಕ್ರಮ ಅದು. ಅಪ್ಪನ ಎಲೆಯ ಮುಂದೆಯೂ ಅಣ್ಣ ಕೇಳುವುದು, ತಮ್ಮ ಒಪ್ಪುವುದು ನನ್ನ ಬಾಯಲ್ಲಿಯೇ ಆಗುತ್ತಿತ್ತು. ಅಂದೂ ಭಾವ ಕೋಳಿ ಸಾರಿನ ಪಾತ್ರೆ ಹಿಡಿದು ನನ್ನತ್ತ ತಿರುಗಿದರು. "ಬಡಿಸಬಹುದಾ ಅಂತ ಅವನತ್ರ ಕೇಳು."

ನಾನು ಬಾಯಿ ಬಿಡಲಿಲ್ಲ. ಸಾರು ಆರುತ್ತಿತ್ತು. ಗಂಡ ನನ್ನನ್ನು ನೋಡಿದರು, ಎಲೆಯನ್ನು ನೋಡಿದರು.

"ಅಣ್ಣಾ, ಬಡಿಸು" ಎಂದರು. ಇನ್ನು ತಡೆದರೆ ಹೇಳಲಾಗದೆಂದು ಹೆದರಿದವರಂತೆ ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿಬಿಟ್ಟರು. "ಮೇಲಿನದ್ದನ್ನು ಮುಚ್ಚುತ್ತಾರಂತೆ. ನಾಳೆಯಿಂದ ನೀನು ಬರುವುದು ಬೇಡವಂತೆ."

ಭಾವ ಅಭ್ಯಾಸಬಲದಿಂದ ನನ್ನ ಮುಖ ನೋಡಿದರು.

"ನನ್ನನ್ನು ಎಂತಕ್ಕೆ ನೋಡುವುದು ಭಾವ? ನಿಮ್ಮತ್ರವೇ ಹೇಳಿದ್ದು" ಎಂದೆ. ನನಗೆ ಅಳು ಬಂದಿತ್ತು.

ಅವರು ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ತಮ್ಮನ ಕಡೆ ಪೂರ್ತಿ ತಿರುಗಿ ನಿಂತರು.

"ಕೆಲಸದ್ದು ಬಿಡು. ಮೊದಲು ನನ್ನನ್ನು ಎಂತ ಅಂತ ಕರೆದೆ? ಅದನ್ನು ಇನ್ನೊಂದು ಸಲ ಹೇಳು."