ಶೀತಲಪೆಟ್ಟಿಗೆಯೊಳಗಿನ ನನ್ನ ಉಗುಳಿನ ಕ್ಷೇಮ ವಿಚಾರಿಸಿ

ಸಂಶೋಧನಾ ಕೇಂದ್ರದ ಮೇಲ್ಮಹಡಿಯಲ್ಲಿ ಹಗಲಿರುಳು ಗುಂಯ್‌ಗುಡುತ್ತ ಲೋಕಸೇವೆ ಮಾಡುತ್ತಿರುವ ಮಾನ್ಯ ಶೀತಲಪೆಟ್ಟಿಗೆಯವರೇ,

ಜೇಜು ದ್ವೀಪದ ಮೂಡಲ ದಡದಿಂದ, ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಗೋ ಮಾಲ್-ಸುನ್ ಎಂಬ ಮುದುಕಿಯ ನಮಸ್ಕಾರಗಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆ ಹೊಟ್ಟೆಯಲ್ಲಿ ಈಗಾಗಲೇ ನನ್ನ ಉಗುಳಿರುವುದರಿಂದ ಇದೇನೂ ಹೆಚ್ಚಿನ ಭಾರವಾಗದು. ಅಲ್ಲಿಯ ಮನುಷ್ಯರಿಗೆ ಫೋನು ಮಾಡಿದರೆ "ಪರಿಶೀಲನೇಲಿದೆ ಅಜ್ಜಿ" ಎನ್ನುತ್ತಾರೆ. ತಾವಾದರೆ ಸುಳ್ಳು ಹೇಳುವವರಲ್ಲ ಎಂದು ತಮಗೇ ಬರೆಯುತ್ತಿದ್ದೇನೆ.

ಹೋದ ವರ್ಷ ತಮ್ಮ ಕೇಂದ್ರದ ಪ್ಯೋ ದಾ-ಹೇ ಎಂಬ ಹುಡುಗಿ, ನಾವು ಹೆಂಗಸರು ನೀರಿನಿಂದೆದ್ದು ಮೈ ಕಾಯಿಸಿಕೊಳ್ಳುವ ಬೆಂಕಿಗುಂಡಿಯ ಹತ್ತಿರ ಬಂದು, "ನಿಮಗೆ ಚಳಿ ಯಾಕೆ ತಾಗಲ್ಲ ಅಂತ ನೋಡ್ಬೇಕು ಅಜ್ಜಿ, ಮುಳುಗೋ ಕನ್ನಡಕ ಒರೆಸೋಕೆ ಹೇಗೂ ಉಗೀತೀರಲ್ಲ, ಅದನ್ನೇ ಈ ನಳಿಗೇಲಿ ಉಗೀರಿ" ಎಂದಳು. ಉಗಿದೆ, ತೋರಿಸಿದಲ್ಲಿ ರುಜು ಹಾಕಿದೆ. ನನ್ನ ತಂಗಿ ಬೊಕ್-ಸಿಲ್ ಮಾತ್ರ "ನಾನೊಲ್ಲೆ, ನನ್ನೊಳಗಿದ್ದದ್ದು ನನ್ನೊಳಗೇ ಇರ್ಲಿ" ಎಂದು ಬೆನ್ನು ತಿರುಗಿಸಿ ಸುಟ್ಟ ಗೆಣಸು ತಿಂದಳು.

ಈ ವಸಂತದಲ್ಲಿ ದಾ-ಹೇ ಟವೆಲು, ಬಿಸ್ಕತ್ತಿನ ಡಬ್ಬಿ ಹೊತ್ತು ಮತ್ತೆ ಬಂದಳು. ನನ್ನ ಉಗುಳಿನಿಂದ ತೆಗೆದ ವಂಶವಾಹಿ ವಿವರ ದೇಶದೇಶಗಳಿಗೆ, ಒಂದು ಮಾತ್ರೆ ಕಂಪನಿಗೂ ಹೋಗಿದೆಯಂತೆ, ಚಳಿಯ ಮಾತು ಬಿಟ್ಟು ಈಗ ಹೃದಯ ನೋಡುತ್ತಿದ್ದಾರಂತೆ. ಕಡಲಾಚೆಯ ಬುಸಾನ್ ಪಟ್ಟಣ ದಾಟದ ನನಗಿಂತ ನನ್ನ ಉಗುಳು ಲೋಕ ಕಂಡಿತಲ್ಲ ಎಂದು ಹೆಮ್ಮೆಪಡುವಷ್ಟರಲ್ಲಿ, ಅವಳು ಎಲ್ಲರೆದುರಿಗೆ ಬೊಕ್-ಸಿಲ್ ಕಡೆ ತಿರುಗಿ, "ಅಕ್ಕನ ಎದೆಬಡಿತದಲ್ಲಿ ಹುಟ್ಟಿನಿಂದ ಒಂದು ಸಣ್ಣ ಐಬಿದೆ, ಒಡಹುಟ್ಟಿದೋರು, ನಿಮಗೂ ಇರಬಹುದು" ಎಂದಳು.

ಬೊಕ್-ಸಿಲ್ ಕೆಂಡ ಕೆದಕುತ್ತಿದ್ದ ಕೋಲು ಕೆಳಗಿಟ್ಟಳು. "ನಾನು ಬೇಡ ಅಂದಿದ್ದು ಯಾರಿಗೂ ಕೇಳಿಸ್ಲಿಲ್ವಾ? ಅಕ್ಕನ ಬಾಯಿಂದ ನನ್ನನ್ನೂ ತೆಗೆದ್ಕೊಂಡ್ರಾ?"

ಅಂದಿನಿಂದ ಅವಳು ನನ್ನ ಜೋಡಿಯಾಗಿ ಮುಳುಗುತ್ತಿಲ್ಲ. ಒಬ್ಬಳು ಕೆಳಗಿಳಿದರೆ ಇನ್ನೊಬ್ಬಳು ಮೇಲೆ ತೇಲುತ್ತ ಕಾಯುತ್ತಿದ್ದವರು ನಾವು. ಮೇಲೆ ಬಂದು ಅವಳು ಬಿಡುವ ಸಿಳ್ಳೆಯಂಥ ಉಸಿರು ಎಂಥ ಅಲೆಯಲ್ಲೂ ನನಗೆ ಗುರುತು. ಈಗದು ಬಂಡೆಯಾಚೆಯಿಂದ ಕೇಳುತ್ತದೆ. ಕೇಳದೆ ತಡವಾಯಿತೋ, ನನ್ನೆದೆ ತಾವು ಕಂಡುಹಿಡಿದದ್ದಕ್ಕಿಂತ ಕೆಟ್ಟದಾಗಿ ಹೊಡೆದುಕೊಳ್ಳುತ್ತದೆ.

ನಮ್ಮಲ್ಲಿ ಒಂದು ಹಳ್ಳಿ ಬುದ್ಧಿಯ ಪದ್ಧತಿಯಿದೆ. ಚಿಪ್ಪು ಮೊಟ್ಟೆಯಿಡುವ ಕಾಲಕ್ಕೆ ಕಡಲಿಗೆ ಬೀಗ. ತೆರೆಯಬೇಕಾದರೆ ಬೆಂಕಿಯ ಸುತ್ತ ಕೂತವರೆಲ್ಲ ಹೂಂ ಅನ್ನಬೇಕು, ಒಬ್ಬಳ ಹೂಂಗೆ ಕಡಲು ತೆರೆಯುವುದಿಲ್ಲ. ತಾವಾದರೋ ನನ್ನೊಬ್ಬಳ ಹೂಂ ಹಿಡಿದು ನಮ್ಮಪ್ಪ, ಅಮ್ಮ, ತಂಗಿ, ಇನ್ನೂ ಹುಟ್ಟದ ಮೊಮ್ಮಕ್ಕಳವರೆಗೆ ಬಾಚಿಕೊಂಡಿರಿ. ಇಷ್ಟು ಉದ್ದ ಉಸಿರಿನ ಮುಳುಗುಗಾರ್ತಿ ನಮ್ಮೂರಲ್ಲಿ ಇದುವರೆಗೆ ಹುಟ್ಟಿಲ್ಲ!

ಆದಕಾರಣ, ನನ್ನ ಉಗುಳಿನಲ್ಲಿ ಬೊಕ್-ಸಿಲ್ ಪಾಲೆಷ್ಟಿದೆಯೋ ಅಷ್ಟನ್ನು ಸೋಸಿ ಅವಳಿಗೆ ಹಿಂದಿರುಗಿಸಬೇಕು. ಪರದೇಶಕ್ಕೆ ಹೋದದ್ದನ್ನು ಶೀತವಾಗದಂತೆ ಬೆಚ್ಚಗೆ ಹೊದೆಸಿ ಕರೆತರಬೇಕು. ಆಗದೆಂದರೆ, ತಾವೇ ತಮ್ಮ ವೈರು ಕಿತ್ತುಕೊಂಡು ಬಂದು, ನಮ್ಮ ಬೆಂಕಿಯ ಮುಂದೆ ಹೊಗೆಗೆ ಕಣ್ಣುಜ್ಜುತ್ತ ಕೂತು, ಪ್ರತಿ ಹೊಸ ಕೆಲಸಕ್ಕೂ ಹೊಸದಾಗಿ, ಎಲ್ಲರನ್ನೂ ಕೇಳಬೇಕು. ಕರಗುವ ಭಯವಿದ್ದರೆ ದಾ-ಹೇಯನ್ನು ಕಳಿಸಿ. ಬಿಸ್ಕತ್ತು ಬೇಡ.

ಒಪ್ಪಿದ್ದಕ್ಕಿಂತ ಹೆಚ್ಚಾಗಿ ತಮ್ಮಲ್ಲಿ ಹೆಪ್ಪುಗಟ್ಟಿರುವ,
ತಮ್ಮ ವಿಶ್ವಾಸಿ,
ಗೋ ಮಾಲ್-ಸುನ್

ತಾ.ಕ.: ಇವತ್ತು ಬೆಳಿಗ್ಗೆ ನಾನು ಕನ್ನಡಕಕ್ಕೆ ಉಗಿಯಲು ಬಾಯಿ ತೆರೆದಾಗ, ಬೊಕ್-ಸಿಲ್ ಬಂಡೆ ದಾಟಿ ಬಂದು ಒಂದು ಹಿಡಿ ಮಾಚಿಪತ್ರೆ ನನ್ನ ಕೈಗೆ ತುರುಕಿ, "ಹಳೇ ಕಾಲದ ಹಾಗೆ ಇದರಲ್ಲಿ ಒರ್ಸು. ಇನ್ಮೇಲೆ ನಿನ್ನ ಪಕ್ಕದಲ್ಲೇ ಇರ್ತೀನಿ, ನಿನ್ನ ಬಾಯಿ ನಂಬೋ ಹಾಗಿಲ್ಲ" ಎಂದಳು. ತಾವು ವರ್ಷವೆಲ್ಲ ಕಷ್ಟಪಟ್ಟು ನನ್ನ ಹೃದಯ ನೋಡಿದ್ದೀರಲ್ಲ, ಈ ಬೆಳಗಿನದೂ ಬರೆದುಕೊಳ್ಳಿ. ಆದರೆ ಹಂಚುವ ಮುಂಚೆ ತಂಗಿಯನ್ನು ಕೇಳಿ.