ಜಪಾನಿ ರಾಕ್‌ಗೆ ಹತ್ತು ಜನ ಬೇಕಾಗಿದ್ದಾರೆ

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ನನ್ನ ಜಾತಕದಲ್ಲಿ ಜಪಾನ್ ಇದೆ. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಊರವರ ರಕ್ತ ತೆಗೆಯುವವಳು. ಮನೆ ಕಾಪುವಿನಿಂದ ಒಳಗೆ, ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಜಪಾನಿನ ರಾಕ್ ಸಂಗೀತವೆಂದರೆ ನನಗೆ ಪ್ರಾಣ. ಅದರಲ್ಲೂ ಅಲ್ಲಿನವರೇ ಸರಿಯಾಗಿ ಕೇಳಿರದ ಸಣ್ಣಪುಟ್ಟ ತಂಡಗಳ ಹಾಡುಗಳೆಂದರೆ ಪಂಚಪ್ರಾಣ. ಮೂರು ನಿಮಿಷದಲ್ಲಿ ಕಥೆ ಹೇಳಿ ಕಣ್ಣು ಒದ್ದೆ ಮಾಡುವ ಪುಟ್ಟ ಅನಿಮೆ ಚಿತ್ರಗಳ ಹುಚ್ಚೂ ಇದೆ. ಇದರಿಂದ ಯಾರಿಗೇನು ತೊಂದರೆ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳುತ್ತಿದ್ದೆ. ಆದರೆ ಹೆಡ್‌ಫೋನ್ ಬಿಟ್ಟು ಹಾಡನ್ನು ಸ್ಪೀಕರಿಗೆ ಹಾಕಿದಾಗಲೆಲ್ಲ ಏನಾದರೊಂದು ನಡೆಯುತ್ತದೆ, ನಾನು ಬಾಯಿ ತೆರೆದು ನಿಲ್ಲುತ್ತೇನೆ.

ಮೀನು ಬಾರದ ಬೆಳಗ್ಗೆ

ಆಸೆಪಟ್ಟು ಒಂದು ದೊಡ್ಡ ಸ್ಪೀಕರ್ ತಂದಿದ್ದೆ. ನನ್ನ ಸೊಂಟದಷ್ಟು ಎತ್ತರ. ರಜೆಯ ದಿನ ಬೆಳಗ್ಗೆ ಅದರಲ್ಲಿ ಹೊಸ ಹಾಡೊಂದನ್ನು ಹಾಕಿದೆ. ಗಾಯಕಿ ಮೊದಲು ಪಿಸುಗುಟ್ಟುತ್ತಾಳೆ, ಆಮೇಲೆ ಕರುಳು ಕಿತ್ತು ಬರುವ ಹಾಗೆ ಕಿರುಚುತ್ತಾಳೆ. ಸರಿಯಾಗಿ ಆ ಕಿರುಚಾಟದ ಹೊತ್ತಿಗೆ ಮೀನು ಮಾರುವ ಅಕ್ಕ ನಮ್ಮ ಗೇಟಿಗೆ ಬಂದರಂತೆ.

ಸಾವಾದ ಮನೆಯ ಎದುರು ಮೀನಿನ ಬುಟ್ಟಿ ಇಳಿಸುವ ಕ್ರಮ ನಮ್ಮಲ್ಲಿ ಇಲ್ಲ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಮುಂದೆ ಹೋದರು. ಹೋದವರು ಮುಂದಿನ ಮನೆಗಳಿಗೆ ಮೀನಿನ ಜೊತೆ ಸುದ್ದಿಯನ್ನೂ ಕೊಟ್ಟರು.

ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಜನ. ಎಲ್ಲರ ಮುಖ ಕೆಳಗೆ. ಅಮ್ಮ ಮೀನಿನ ಸಾರಿಗೆ ಮಸಾಲೆ ಕಡೆದಿಟ್ಟು, "ಮೀನು ಬಂತಾ?" ಎನ್ನುತ್ತಾ ಬಾಗಿಲು ತೆರೆದರು. ಪಕ್ಕದ ಮನೆಯವರು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ನೀವು ಇದ್ದೀರಾ!" ಎಂದರು.

ಭಜನಾ ಮಂಡಳಿಯ ಅಧ್ಯಕ್ಷರೂ ಬಂದಿದ್ದರು. ಅವರದ್ದು ಸ್ವಂತ ಆಟೋ. ಚಟ್ಟ ಕಟ್ಟಲು ಬೇಕಾದೀತು ಎಂದು ಅದರಲ್ಲಿ ಹಗ್ಗವನ್ನೂ ಹಾಕಿಕೊಂಡೇ ಬಂದಿದ್ದರು. ವಿಷಯ ತಿಳಿದ ಮೇಲೆ ಅವರ ಕಣ್ಣು ಸ್ಪೀಕರಿನ ಮೇಲೆ ಬಿತ್ತು. "ಇಂಥದ್ದು ನಮ್ಮ ಮಂಡಳಿಯಲ್ಲಿ ಇಲ್ಲ. ನಮ್ಮದು ಬರೀ ಗೊರಗೊರ" ಎಂದರು.

"ಕೊಂಡುಹೋಗಿ" ಎಂದರು ಅಮ್ಮ. "ಮೀನೂ ಇಲ್ಲ, ಮೇಲಿಂದ ನನ್ನನ್ನು ಕೊಂದದ್ದೂ ಆಯಿತು."

ನಾನು ಸ್ಪೀಕರಿಗೆ ಅಡ್ಡ ನಿಂತೆ. "ಇದನ್ನು ಇಷ್ಟಪಡುವವರು ಈ ಊರಲ್ಲೂ ಇದ್ದಾರೆ ಅಮ್ಮ" ಎಂದು ಗೋಗರೆದೆ.

"ಹಾಗಾದರೆ ಹತ್ತು ಜನರನ್ನು ತೋರಿಸು. ಕೂತು ಕೊನೆಯ ತನಕ ಕೇಳಬೇಕು. ಆಗ ಸ್ಪೀಕರ್ ನಿನ್ನದು."

"ಆ ದಿನ ನಾನು ಆಟೋ ತರುತ್ತೇನೆ" ಎಂದರು ಅಧ್ಯಕ್ಷರು.

"ಜನರನ್ನು ಕರೆತರಲಿಕ್ಕಾ?" ಎಂದೆ ಆಸೆಯಿಂದ.

"ಅಲ್ಲ, ಸ್ಪೀಕರ್ ಕೊಂಡುಹೋಗಲಿಕ್ಕೆ."

ಎದೆಯ ಮೇಲಿನ ಅಕ್ಷರ

ಹತ್ತು ಜನ ಏನು ಮಹಾ, ಮಣಿಪಾಲದಲ್ಲಿ ಬೀದಿಗೊಬ್ಬರು ಸಿಗುತ್ತಾರೆ ಎಂದುಕೊಂಡೆ. ಮರುದಿನವೇ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಾಲೇಜು ಹುಡುಗ ಕಂಡ. ಟೀ ಶರ್ಟಿನ ಮೇಲೆ ಎದೆತುಂಬ ಜಪಾನಿ ಅಕ್ಷರ. ಓಡಿಹೋಗಿ ನಿಲ್ಲಿಸಿದೆ. "ಇದು ಯಾವ ಬ್ಯಾಂಡಿನದ್ದು?"

ಅವನು ತಲೆ ಬಗ್ಗಿಸಿ ತನ್ನ ಎದೆಯನ್ನು ತಾನೇ ಮೊದಲ ಬಾರಿಗೆ ನೋಡಿದ. "ಗೊತ್ತಿಲ್ಲ ಆಂಟಿ. ಆಫರಿನಲ್ಲಿ ಒಂದಕ್ಕೆ ಒಂದು ಫ್ರೀ ಸಿಕ್ಕಿತು."

ಬ್ಯಾಂಡು ಗೊತ್ತಿಲ್ಲದ್ದನ್ನು ಕ್ಷಮಿಸಿದೆ. ಆಂಟಿ ಎಂದದ್ದನ್ನು ಇವತ್ತಿಗೂ ಕ್ಷಮಿಸಿಲ್ಲ.

ಕಾರ್ಕಳದ ಬಸ್ಸು

ಹೊರಗಿನವರನ್ನು ನಂಬುವುದಕ್ಕಿಂತ ನೆಂಟರೇ ವಾಸಿ ಎಂದು ಕಾರ್ಕಳದ ದೊಡ್ಡಪ್ಪನನ್ನು ಕರೆಯಲು ಹೊರಟೆ. ಉಡುಪಿಯಲ್ಲಿ ಬಸ್ಸು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ಅವರ ಪೆನ್‌ಡ್ರೈವ್ ಕೈಕೊಟ್ಟಿತ್ತು. ಹಾಡಿಲ್ಲದೆ ಬೇಸರದಲ್ಲಿದ್ದರು. ನನ್ನದನ್ನು ಕೊಟ್ಟೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಕೇಳಿದ ಲೆಕ್ಕಕ್ಕೆ ಬಂದರೆ ಎರಡು ತಲೆ ಆಯಿತಲ್ಲ!

ಆದರೆ ಆ ಹಾಡುಗಳ ಡ್ರಮ್ಮು ಸಾಮಾನ್ಯದ್ದಲ್ಲ. ಮಣಿಪಾಲ ದಾಟುವಾಗ ಡ್ರೈವರಿನ ತಲೆ ಅಲ್ಲಾಡಲು ಶುರುವಾಯಿತು. ಆಮೇಲೆ ಕಾಲು. ಆ ಕಾಲು ಇದ್ದದ್ದು ಆಕ್ಸಿಲರೇಟರಿನ ಮೇಲೆ. ಕಂಡಕ್ಟರ್ ಸೀಟಿ ಊದಿದರು, ಗಿಟಾರಿನ ನಡುವೆ ಅದು ಯಾರಿಗೂ ಕೇಳಲಿಲ್ಲ. ಇಳಿಯಬೇಕಾದವರು ಇಳಿಯಲಿಲ್ಲ, ಹತ್ತಬೇಕಾದವರು ಕೈ ಎತ್ತಿದ ಹಾಗೇ ಹಿಂದೆ ಉಳಿದರು. ಹಿರಿಯಡ್ಕದಲ್ಲಿ, ನಮಗಿಂತ ಮೊದಲು ಹೊರಟಿದ್ದ ಬಸ್ಸನ್ನು ಹಿಂದೆ ಹಾಕಿದೆವು. ನಾನು ಕಂಬಿ ಹಿಡಿದುಕೊಂಡು ಕಾಪುವಿನ ಮಾರಿಯಮ್ಮನಿಗೆ ಹರಕೆ ಹೊತ್ತೆ.

ನಮ್ಮ ಕಡೆ ಬಸ್ಸುಗಳಿಗೆ ನಿಮಿಷದ ಲೆಕ್ಕ. ಇನ್ನೊಬ್ಬರ ಟೈಮಿಗೆ ಕೈ ಹಾಕಿದರೆ ಯುದ್ಧವೇ. ಕಾರ್ಕಳದ ಟೈಂಕೀಪರ್ ನಮ್ಮ ಬಸ್ಸನ್ನು ನೋಡಿದರು, ಕೈಗಡಿಯಾರ ನೋಡಿದರು, ಗಡಿಯಾರವನ್ನು ತಟ್ಟಿ ಕಿವಿಗಿಟ್ಟುಕೊಂಡರು. "ಇದು ಇವತ್ತಿನ ಟ್ರಿಪ್ಪಾ, ನಿನ್ನೆಯದ್ದಾ?" ಎಂದರು.

ಡ್ರೈವರ್ ಬೆವರು ಒರೆಸಿಕೊಂಡು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. "ಹಾಡು ಲಾಯ್ಕುಂಟು ಅಕ್ಕ. ಆದರೆ ಅದು ಬರುವಾಗ ಬ್ರೇಕ್ ಎಲ್ಲಿ ಉಂಟು ಎಂದು ನೆನಪಾಗುವುದಿಲ್ಲ."

ದೊಡ್ಡಪ್ಪನ ಆಟ

ಅಲ್ಲಿಂದ ದೊಡ್ಡಪ್ಪನ ಮನೆ ಸೇರಿದೆ. ಅವರು ಯಕ್ಷಗಾನದ ಹುಚ್ಚಿನವರು. ಬೆಳಗಿನವರೆಗೆ ಆಟ ನೋಡಿದ ಕಾಲದವರು. ಅವರಿಗೆ ರಾಕ್ ಬೇಡ, ಅನಿಮೆ ತೋರಿಸೋಣ ಎಂದು ಟಿವಿಗೆ ಫೋನು ಜೋಡಿಸಿದೆ.

"ಕಥೆ ಉಂಟಲ್ವಾ?" ಎಂದರು. ಉಂಟು ಎಂದೆ. ಸರಿ, ಚಾಪೆ ಬಂತು, ದಿಂಬು ಬಂತು, ಫ್ಲಾಸ್ಕಿನಲ್ಲಿ ಕಾಫಿ ಬಂತು, ದೊಡ್ಡಮ್ಮ ಚಕ್ಕುಲಿಯ ಡಬ್ಬ ತಂದಿಟ್ಟರು. ದೊಡ್ಡಪ್ಪ ಶಾಲು ಹೊದ್ದು, ಎಲೆಯಡಿಕೆ ಮೆಲ್ಲುತ್ತಾ ಸಜ್ಜಾದರು.

ಹಾಕಿದೆ. ಒಬ್ಬ ಅಜ್ಜಿ, ಒಂದು ಛತ್ರಿ, ಬಾರದ ರೈಲು. ಮುಗಿಯುವಾಗ ನನ್ನ ಕಣ್ಣಲ್ಲಿ ನೀರು.

"ಪೀಠಿಕೆ ಒಳ್ಳೆಯದುಂಟು" ಎಂದರು ದೊಡ್ಡಪ್ಪ. "ಪ್ರಸಂಗ ಎಷ್ಟು ಹೊತ್ತಿಗೆ ಶುರು?"

"ಮುಗಿಯಿತು ದೊಡ್ಡಪ್ಪ."

ಅವರ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು. "ಮುಗಿಯಿತಾ! ನಮ್ಮ ಭಾಗವತರು ಇಷ್ಟು ಹೊತ್ತಿನಲ್ಲಿ ಗಂಟಲು ಕೂಡ ಸರಿ ಮಾಡಿರುವುದಿಲ್ಲ ಮಾರಾಯ್ತಿ!"

ಭಾನುವಾರದ ಚಿಕಿತ್ಸೆ

ಕಾರ್ಯಕ್ರಮಕ್ಕೆಂದು ಹತ್ತಿರದ ಯುವಕ ಮಂಡಲದ ಹಾಲನ್ನು ಕೇಳಿದಾಗ ಅದನ್ನು ನೋಡಿಕೊಳ್ಳುವವರು, "ಜಪಾನಿನದ್ದಾ? ಉಚಿತವಾ? ಹಾಗಾದರೆ ಕುರ್ಚಿ ಸಾಲದು" ಎಂದರು. ಊರಲ್ಲಿ ಒಬ್ಬರಾದರೂ ತಿಳಿದವರಿದ್ದಾರಲ್ಲ ಎಂದು ಖುಷಿಯಾಯಿತು. "ಜಪಾನಿನ ಸಂಗೀತ ಮತ್ತು ಕಿರುಚಿತ್ರ, ಉಚಿತ ಪ್ರದರ್ಶನ" ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ.

ಭಾನುವಾರ ನಾಲ್ಕಕ್ಕೆ ಅಮ್ಮ ಮುಂದಿನ ಕುರ್ಚಿಯಲ್ಲಿ, ಅಧ್ಯಕ್ಷರು ಹಗ್ಗ ಹಿಡಿದು ಬಾಗಿಲಲ್ಲಿ. ಆಮೇಲೆ ಬಂದರು ನೋಡಿ ಜನ! ಬಗ್ಗಿ ಮಲ್ಲಿಗೆ ಕಟ್ಟಿ ಕುತ್ತಿಗೆ ಹಿಡಿದುಕೊಂಡ ಶಂಕರಪುರದ ಹೆಂಗಸರು, ಊರುಗೋಲಿನವರು, ಚಾಪೆ ಹಿಡಿದವರು. ಎಲ್ಲೂರಿನ ಒಬ್ಬ ಅಜ್ಜ ಕಂಕುಳಲ್ಲಿ ಎಕ್ಸ್‌ರೇ ಇಟ್ಟುಕೊಂಡಿದ್ದರು. ನನಗೆ ಸಂತೋಷದಲ್ಲಿ ಏನೂ ಹೊಳೆಯಲಿಲ್ಲ.

"ಮಲಗುವುದಾ ಮಗಾ, ಕೂರುವುದಾ?" ಎಂದು ಅಜ್ಜ ಕೇಳಿದರು.

"ನಿಮಗೆ ಅನುಕೂಲವಾದ ಹಾಗೆ" ಎಂದೆ. ಅರ್ಧ ಹಾಲು ಮಲಗಿತು.

ಮೊದಲ ಹಾಡಿಗೆ ನೆಲ ನಡುಗಿತು. "ಹಾಂ, ಸೊಂಟಕ್ಕೆ ಬಂತು!" ಎಂದರು ಒಬ್ಬರು. "ನನಗೆ ಮಂಡಿಗೆ" ಎಂದರು ಇನ್ನೊಬ್ಬರು. ಆಗ ನೆನಪಾಯಿತು. ಹಿಂದೆ ಇದೇ ಹಾಲಿನಲ್ಲಿ ಜಪಾನಿನ ಅಯಸ್ಕಾಂತದ ಹಾಸಿಗೆ ಮಾರುವವರು ಜನರನ್ನು ಉಚಿತವಾಗಿ ಮಲಗಿಸುತ್ತಿದ್ದರು! ಮೈಕ್ ಹಿಡಿದು ಕೂಗಿದೆ: "ಇದು ಚಿಕಿತ್ಸೆ ಅಲ್ಲ! ಬರೀ ಹಾಡು!"

ಅಜ್ಜ ಮಲಗಿದಲ್ಲಿಂದಲೇ ಉಳಿದವರಿಗೆ ಧೈರ್ಯ ಹೇಳಿದರು. "ಮೊದಲು ಹಾಗೇ ಹೇಳುವುದು. ರೇಟು ಕೊನೆಗೆ ಹೇಳ್ತಾರೆ."

ಒಬ್ಬರೂ ಏಳಲಿಲ್ಲ. ಅನಿಮೆಯನ್ನು ಕಣ್ಣಿನ ವ್ಯಾಯಾಮವೆಂದು ನೋಡಿದರು. ಕೊನೆಗೆ ರೇಟು ಕೇಳಿ, ಏನೂ ಇಲ್ಲವೆಂದಾಗ ಅನುಮಾನಪಡುತ್ತಾ ಹೊರಟುಹೋದರು.

"ಹತ್ತಕ್ಕಿಂತ ಹೆಚ್ಚೇ ಇದ್ದರು" ಎಂದೆ ಮೆಲ್ಲಗೆ.

"ಎಲ್ಲ ನೋವಿಗೆ ಬಂದವರು" ಎಂದರು ಅಮ್ಮ. "ಹತ್ತು ಬಿಡು, ಹಾಡಿಗೆಂದು ಕೂತವರು ಒಬ್ಬರನ್ನು ತೋರಿಸು."

ಖಾಲಿಯಾದ ಹಾಲನ್ನು ನೋಡಿದೆ. ಅಳು ಬಂತು. ಅಧ್ಯಕ್ಷರು ಹಗ್ಗ ಹಿಡಿದು ಮುಂದೆ ಬಂದರು. ನಾನು ವಯರು ಕಿತ್ತೆ. ಅವರು ಸ್ಪೀಕರನ್ನು ಮುಟ್ಟಲಿಲ್ಲ.

"ನನಗೆ ಎಲ್ಲಿಯೂ ನೋವಿಲ್ಲ" ಎಂದರು.

"ಗೊತ್ತುಂಟು. ತೆಗೆದುಕೊಂಡು ಹೋಗಿ."

"ಅದಲ್ಲ. ಆ ಮೂರನೆಯ ಹಾಡು ಇನ್ನೊಮ್ಮೆ ಹಾಕ್ತೀರಾ?"

ಈ ಸಲ ಬಾಯಿ ತೆರೆದು ನಿಂತದ್ದು ಅಮ್ಮ. ನಾನು ವಯರು ಚುಚ್ಚಿದೆ. ಅವರು ನಿಂತಲ್ಲೇ ಕಣ್ಣು ಮುಚ್ಚಿ, ಹಗ್ಗದ ತುದಿಯಿಂದ ಅಂಗೈಗೆ ತಾಳ ಹಾಕುತ್ತಾ ಪೂರ್ತಿ ಕೇಳಿದರು. ಆಮೇಲೆ ಸ್ಪೀಕರನ್ನು ಅದೇ ಹಗ್ಗದಲ್ಲಿ ಆಟೋಗೆ ಕಟ್ಟಿ ನಮ್ಮ ಮನೆಗೇ ತಂದಿಳಿಸಿದರು.

ಅಮ್ಮನ ದೂರು ಬಂದದ್ದು ಶನಿವಾರ, ಭಜನೆಗೆ ಹೋಗಿ ಬಂದ ಮೇಲೆ. ಅಧ್ಯಕ್ಷರೇ ತಾಳ ಹಿಡಿದಿದ್ದರಂತೆ, ಆ ಮೂರನೆಯ ಹಾಡಿನ ಓಟದಲ್ಲಿ. ಭಜನೆ ಅರ್ಧ ಗಂಟೆ ಮೊದಲೇ ಮುಗಿದು, ಪ್ರಸಾದದ ಅವಲಕ್ಕಿ ಇನ್ನೂ ಕಲಸಿಯೇ ಆಗಿರಲಿಲ್ಲವಂತೆ.