ನೀರು ಒಡೆಯುವ ಕಾಕಾ

ನಮ್ಮ ಕಾಕಾ ಕಳ್ಳನಲ್ಲ. ಆದರೆ ನಮ್ಮ ಮನೆಗೆ ಬರುವವರು ಸೈಕಲ್ ಗಂಟೆಯ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡೇ ಒಳಗೆ ಬರುತ್ತಿದ್ದರು. ಇಡೀ ರಾಣೆಬೆನ್ನೂರಿಗೆ ಸುಮ್ಮಸುಮ್ಮನೆ ಸಂಶಯ ಬರುತ್ತದೆಯೇ?

ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹಾವೇರಿಯ ಡಾಕ್ಟರರು ಕಾಕಿಯ ಕಣ್ಣು ನೋಡಿ, ಒಲೆಯ ಹೊಗೆ ತಪ್ಪದಿದ್ದರೆ ಇವು ಉಳಿಯುವುದಿಲ್ಲ ಎಂದ ದಿನದಿಂದ ಅವನಿಗೆ ಈ ಹುಚ್ಚು. ನೀರಿನಲ್ಲಿ ಕರೆಂಟು ಹರಿಸಿದರೆ ಅದು ಜಲಜನಕ, ಆಮ್ಲಜನಕ ಎಂದು ಒಡೆಯುತ್ತದೆ; ಜಲಜನಕ ಹೊಗೆಯಿಲ್ಲದೆ ಉರಿಯುತ್ತದೆ. ಕರೆಂಟು ಹರಿಸಲು ನೀರಿನಲ್ಲಿ ಇಳಿಬಿಡುವ ಲೋಹ ಪ್ಲಾಟಿನಂ ಆದರೆ ಕೆಲಸ ಸಲೀಸು, ಆದರೆ ಅದನ್ನು ಕೊಳ್ಳಲು ಮನೆ ಮಾರಬೇಕು. ಅಗ್ಗದ ಲೋಹ ಹುಡುಕುವುದೇ ಅವನ ಹಟ. ಮೊಳೆ, ಸೌಟು, ತಗಡು ಎಲ್ಲ ಮುಗಿದು, ಗಂಟೆಗಳ ನಿಕ್ಕಲ್ ಲೇಪದ ಮೇಲೆ ಕಣ್ಣು ಬಿದ್ದಿತ್ತು.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗುವ ಮುಂಚೆ ಬಾಯಿಬಿಟ್ಟರೆ ಕೆಲಸ ಆಗುವುದಿಲ್ಲವೆಂಬ ನಂಬಿಕೆ, ವಿಜ್ಞಾನದ ಮಾಸ್ತರನಿಗೆ! ಗಂಡ ಬಂಗಾರ ಮಾಡಲು ಹೊರಟಿದ್ದಾನೆಂದು ತಪ್ಪು ತಿಳಿದ ಕಾಕಿ, ತನ್ನ ಬಳೆಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು.

ಕರೆಂಟು ಚೆನ್ನಾಗಿ ಹರಿಯಲೆಂದು ಕಾಕಾ ಬ್ಯಾಡಗಿಯಿಂದ ಹಪ್ಪಳಕ್ಕೆ ಹಾಕುವ ಪಾಪಡಖಾರವನ್ನು ಸೇರುಗಟ್ಟಲೆ ತರುತ್ತಿದ್ದ. ಅಂಗಡಿಯವನಿಗೂ ಸಂಶಯ.

"ಮಾಸ್ತರ, ಹಪ್ಪಳದ ಧಂದೆ ಸುರು ಮಾಡೀರೇನ್ರಿ?"

"ಇಲ್ಲಪ್ಪ, ನೀರಿಗೆ ಹಾಕಾಕ."

ಆತ ಮುಂದೆ ಬಾಕಿ ವಸೂಲಿಗೆ ಬಂದಾಗಲೂ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ.

ಅದು ಚಲೇಜಾವ್ ಚಳವಳಿಯ ಕಾಲ. ಕಾಕಾನ ಖೋಲಿಯಿಂದ ಆಗಾಗ ಫಟ್ ಎಂದು ಸದ್ದು ಬರುತ್ತಿತ್ತು. ಯಾರೋ ಚಾಡಿ ಹೇಳಿದರು. ಒಂದು ಬೆಳಿಗ್ಗೆ ಫೌಜದಾರರೇ ಬಂದು, ಬ್ಯಾಟರಿ, ತಂತಿ, ಗಾಜಿನ ಭರಣಿ ನೋಡಿದರು.

"ಬಾಂಬ್ ಮಾಡಾಕತ್ತೀರೇನು? ಖರೇ ಹೇಳ್ರಿ, ಇಲ್ಲಾಂದ್ರ ಠಾಣೆಕ್ಕ ನಡೀರಿ."

ಕಾಕಾ ಕಾಕಿಯ ಕಡೆ ನೋಡಿದ. "ಬಾಂಬ್ ಅಲ್ರಿ ಸಾಹೇಬ್ರ. ಹೊಗಿ ಇಲ್ಲದ ಒಲಿ. ಇಕಿ ಕಣ್ಣು ಉಳೀಬೇಕಲ್ರಿ."

"ಹಂಗಾರ ಹಚ್ಚಿ ತೋರಸ್ರಿ."

ಕಾಕಾ ಕಡ್ಡಿ ಗೀರಿದ. ಭರಣಿಯ ಕೊಳವೆಯ ತುದಿಯಲ್ಲಿ ಉದ್ದಿನ ಕಾಳಿನಷ್ಟು ಉರಿ ಹತ್ತಿ, ರೆಪ್ಪೆ ಬಡಿಯುವುದರೊಳಗೆ ಆರಿತು.

"ಇದರಾಗ ಸರ್ಕಾರನೂ ಹಾರೂದಿಲ್ಲ, ಚಹಾನೂ ಕಾಯೂದಿಲ್ಲ" ಎಂದು ನಗುತ್ತ ಫೌಜದಾರರು ಹೊರಟುಹೋದರು.

ಕಾಕಾ ತಲೆ ತಗ್ಗಿಸಿ ತಂತಿ ಬಿಚ್ಚತೊಡಗಿದ. ಇಂಥವನ ಮೇಲೆ ನಾನೂ ಸಂಶಯಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಕಾಕಿ ಬಂದು ಅವನ ಕೈ ಹಿಡಿದಳು.

"ಬಿಚ್ಚಬ್ಯಾಡ್ರಿ. ಇನ್ನೊಮ್ಮೆ ಹಚ್ಚರಿ. ಕಣ್ಣಾಗ ಹೊಗಿ ಹೋಗಿತ್ತು, ಸರಿ ಕಾಣಲಿಲ್ಲ."

ಅಂದು ಏಕಾದಶಿ. ಮನೆಯಲ್ಲಿ ಒಲೆ ಹಚ್ಚಿರಲೇ ಇಲ್ಲ.